ಮೀಟರಮ್ಮನ ರಾತ್ರಿ ಕಾವಲು

“ಹನ್ನೆರಡು ಪಾಯಿಂಟ್ ಮೂರು!”

ಕಂಬಳಿಯಿಂದ ಮೂಗಷ್ಟೇ ಹೊರಗಿಟ್ಟು ಮೀಟರಮ್ಮ ಪಿಸುಗುಟ್ಟಿದಳು. ಈಗ ತಾನೇ ಹನ್ನೆರಡು ಪಾಯಿಂಟ್ ನಾಲ್ಕು ಇತ್ತು. ಅಷ್ಟರಲ್ಲೇ ಇಳಿದುಬಿಟ್ಟಿತ್ತು, ಹಾಳಾದ್ದು!

ಮೀಟರಮ್ಮ ಅನ್ನುವುದು ಅಜ್ಜಿ ಇಟ್ಟ ಹೆಸರು. ಈ ಐದನೇ ಕ್ಲಾಸಿನ ಹುಡುಗಿ ವ್ಯಾನಿನ ಬ್ಯಾಟರಿ ಮೀಟರನ್ನು ನೋಡುವಷ್ಟು ಸಲ ಪುಸ್ತಕ ನೋಡಿದ್ದರೆ ಕ್ಲಾಸಿಗೇ ಫಸ್ಟ್ ಬರುತ್ತಿದ್ದಳಂತೆ.

ಅಮ್ಮನದು ಕನ್ನಡಕದ ಕೆಲಸ. ವ್ಯಾನಿನಲ್ಲಿ ಊರೂರಿಗೆ ಹೋಗಿ, ಶಾಲೆಯ ಮಕ್ಕಳ ಕಣ್ಣು ಪರೀಕ್ಷೆ ಮಾಡಿ, ಅಲ್ಲೇ ಕನ್ನಡಕ ಮಾಡಿಕೊಡುತ್ತಾಳೆ. ರಜೆ ಬಂದರೆ ಅಜ್ಜಿ, ಮೊಮ್ಮಗಳು ಇಬ್ಬರೂ ಹತ್ತಿ ಕೂರುತ್ತಾರೆ. ವ್ಯಾನಿನೊಳಗೆ ಎರಡು ಹಾಸಿಗೆ, ಒಂದು ಒಲೆ, ಸೂರಿನವರೆಗೂ ಲೆನ್ಸಿನ ಡ್ರಾಯರುಗಳು. ಆ ದಿನ ಹಿಮ ಬಿದ್ದು ಬೆಟ್ಟದ ರಸ್ತೆಯ ಗೇಟು ಮುಚ್ಚಿತ್ತು. ಬೆಳಿಗ್ಗೆ ಏಳಕ್ಕೆ ಅದು ತೆರೆಯುವವರೆಗೂ ವ್ಯಾನಿನಲ್ಲೇ ಇರಬೇಕು.

ಮಲಗುವ ಮುಂಚೆ ಅಮ್ಮ ಹೀಟರಿನ ಗುಂಡಿಯನ್ನು ಒಂದನೇ ನಂಬರಿಗೆ ತಿರುಗಿಸಿ ಹೇಳಿದ್ದಳು. “ಬೆಳಗಿನವರೆಗೂ ಹೀಗೇ ಉರೀಲಿ. ಯಾರೂ ಮುಟ್ಬೇಡಿ.”

ಹೀಟರು ಉರಿಯುವುದು ಡೀಸೆಲಿನಿಂದ. ಆದರೆ ಬಿಸಿಗಾಳಿ ಊದುವ ಅದರ ಫ್ಯಾನಿಗೆ ಬ್ಯಾಟರಿ ಬೇಕು. ಅಜ್ಜಿಯ ಉಬ್ಬಸದ ಮೆಷಿನ್ನಿಗೂ ಅದೇ ಬ್ಯಾಟರಿ! ಬೆಳಗಿನ ಜಾವ ಐದು ಗಂಟೆಗೆ ಅದು ಹತ್ತು ನಿಮಿಷ ನಡೆಯಲೇಬೇಕು. ಎರಡು ದಿನದಿಂದ ಬಿಸಿಲಿಲ್ಲ. ಚಾವಣಿಯ ಸೋಲಾರ್ ಹಿಮದಡಿ ಮುಚ್ಚಿಹೋಗಿತ್ತು.

ಹೋದ ತಿಂಗಳು ಒಮ್ಮೆ ಅರ್ಧಕ್ಕೇ ‘ಬೀಪ್’ ಅಂತ ಮೆಷಿನ್ ನಿಂತುಹೋಗಿತ್ತು. ಅಜ್ಜಿ ಗಾಳಿಗಾಗಿ ಬಾಯಿ ಬಾಯಿ ಬಿಟ್ಟಿದ್ದನ್ನು ಮೀಟರಮ್ಮ ಮರೆತಿರಲಿಲ್ಲ. ಅಂದಿನಿಂದ ಅವಳಿಗೆ ಬ್ಯಾಟರಿಯ ಮೇಲೆ ನಂಬಿಕೆಯೇ ಇಲ್ಲ.

‘ಒಳಗೆ ಬೆಚ್ಚಗಿದೆಯಲ್ಲ? ಸ್ವಲ್ಪ ಹೊತ್ತು ಆಫ್ ಮಾಡಿದರೆ ಬ್ಯಾಟರಿ ಉಳಿಯುತ್ತೆ’ ಅಂದುಕೊಂಡಳು. ಅಮ್ಮ ಗೊರಕೆ ಹೊಡೆಯುತ್ತಿದ್ದಳು. ಮೀಟರಮ್ಮ ಕೈ ಚಾಚಿ ಗುಂಡಿ ತಿರುಗಿಸಿಯೇಬಿಟ್ಟಳು.

ಅರ್ಧ ಗಂಟೆಯಲ್ಲಿ ಮೂಗಿನ ತುದಿ ತಣ್ಣಗಾಯಿತು. ಅಜ್ಜಿ ನಿದ್ದೆಯಲ್ಲೇ ಕೆಮ್ಮಿದಳು. ಸರಿ, ಆನ್ ಮಾಡಿದಳು. ಟಿಕ್, ಟಿಕ್, ಟಿಕ್. ಗಾಳಿ ಬಿಸಿಯಾಗುವಷ್ಟರಲ್ಲಿ ಮೀಟರಿನ ನಂಬರು ಸರ್ರನೆ ಇಳಿದು ಹನ್ನೆರಡಕ್ಕೆ ಬಂತು.

“ಅಯ್ಯಯ್ಯೋ, ಎಷ್ಟು ಕುಡಿಯುತ್ತೆ ಇದು!” ಎಂದು ಬೈದು, ವ್ಯಾನು ಬೆಚ್ಚಗಾದ ಕೂಡಲೇ ಮತ್ತೆ ಆಫ್ ಮಾಡಿದಳು. ಚಳಿಯಾದಾಗ ಮತ್ತೆ ಆನ್. ಮತ್ತೆ ಆಫ್. ಉಳಿಸಲು ಹೋದಷ್ಟೂ ನಂಬರು ಕೆಳಗೇ ಹೋಗುತ್ತಿತ್ತು.

ಐದನೇ ಸಲ ಆನ್ ಮಾಡಿದಾಗ ಹೀಟರು ಎರಡು ಸಲ ಟಿಕ್ ಎಂದು ಸುಮ್ಮನಾಯಿತು. ಕೆಂಪು ದೀಪ ಹತ್ತಿತು. ಮೀಟರಿನಲ್ಲಿ ಹನ್ನೊಂದು ಪಾಯಿಂಟ್ ಆರು. ಗಡಿಯಾರದಲ್ಲಿ ಮೂರು ಗಂಟೆ.

ಆಗ ಕೇಳಿಸಿತು ಆ ಸದ್ದು. ಅಜ್ಜಿಯ ಎದೆಯಿಂದ ಸುಂಯ್, ಸುಂಯ್.

“ಅಮ್ಮಾ! ಏಳಮ್ಮಾ!”

ಅಮ್ಮ ದಡಬಡಿಸಿ ಎದ್ದಳು. ಅಜ್ಜಿಯನ್ನು ಎತ್ತಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಮೆಷಿನ್ನಿನ ಸ್ವಿಚ್ ಒತ್ತಿದಳು. ‘ಬೀಪ್’ ಎಂದಿತು ಅಷ್ಟೇ.

“ಇದೇನಿದು! ಹೀಟರೂ ಆರಿದೆ. ಫ್ಯೂಸ್ ಏನಾದ್ರೂ ಹೋಯ್ತಾ?” ಅಮ್ಮ ಟಾರ್ಚ್ ಹಿಡಿದು ಫ್ಯೂಸುಗಳನ್ನು ಒಂದೊಂದಾಗಿ ಕೀಳತೊಡಗಿದಳು.

‘ತಾನೇ ಆರಿಹೋಯಿತು’ ಅಂದರೆ ಬೈಗುಳ ತಪ್ಪುತ್ತದೆ. ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅಮ್ಮ ಇಲ್ಲದ ತಪ್ಪನ್ನು ಹುಡುಕುತ್ತಾ ಕೂತರೆ ಅಜ್ಜಿಯ ಗತಿ?

“ಫ್ಯೂಸ್ ಅಲ್ಲಮ್ಮ. ನಾನೇ... ಬ್ಯಾಟರಿ ಉಳೀಲಿ ಅಂತ ಆಫ್ ಮಾಡಿದೆ. ಆಮೇಲೆ ಆನ್ ಮಾಡಿದೆ. ಐದು ಸಲ.”

“ಐದು ಸಲಾನಾ? ಮುಟ್ಬೇಡ ಅಂದಿರ್ಲಿಲ್ವಾ?” ಅಮ್ಮನ ದನಿ ಏರಿತು. ಮರುಕ್ಷಣವೇ ಕೋಟು ಎಳೆದುಕೊಂಡಳು. “ಸರಿ, ಆಮೇಲೆ ಬೈತೀನಿ. ಟಾರ್ಚ್ ಹಿಡಿ, ಬಾ.”

ಇಂಜಿನ್ನಿಗೆ ಬೇರೆ ಬ್ಯಾಟರಿ ಇತ್ತು. ಇಂಜಿನ್ ಸ್ಟಾರ್ಟ್ ಮಾಡಿದರೆ ಈ ಬ್ಯಾಟರಿಯೂ ಚಾರ್ಜ್ ಆಗುತ್ತದೆ. ಆದರೆ ಡೀಸೆಲಿನ ಮುಳ್ಳು ಕೆಂಪು ಗೆರೆಯ ಪಕ್ಕದಲ್ಲೇ ಇತ್ತು. ಅದರಲ್ಲೇ ನಾಳೆ ಬೆಟ್ಟ ದಾಟಬೇಕು. ಹೊಗೆ ಒಳಗೆ ನುಗ್ಗದಿರಲೆಂದು ಅಮ್ಮ ಮೊಣಕಾಲೂರಿ, ಹೊಗೆ ಕೊಳವೆಯ ಸುತ್ತಲಿನ ಹಿಮವನ್ನೆಲ್ಲ ಬಾಣಲೆಯಲ್ಲಿ ಬಾಚಿದಳು. ಚಳಿಗೆ ಮೀಟರಮ್ಮನ ಹಲ್ಲು ಕಟಕಟ ಅನ್ನುತ್ತಿತ್ತು. ಟಾರ್ಚಿನ ಬೆಳಕು ಮಾತ್ರ ಅಲ್ಲಾಡಬಾರದೆಂದು ಎರಡೂ ಕೈಯಲ್ಲಿ ಹಿಡಿದಳು.

ಇಂಜಿನ್ ಗುರ್ರೆಂದಿತು. ಮೆಷಿನ್ ಗುಂಯ್ ಎಂದಿತು. ಅಜ್ಜಿ ಮಾಸ್ಕ್ ಹಿಡಿದು ಉಸಿರೆಳೆದಳು, ಬಿಟ್ಟಳು, ಎಳೆದಳು. ಹತ್ತು ನಿಮಿಷ ಮೀಟರಮ್ಮ ಬೇರೆಲ್ಲೂ ನೋಡಲಿಲ್ಲ. ಮೆಲ್ಲಮೆಲ್ಲನೆ ಸುಂಯ್ ಅನ್ನುವ ಸದ್ದು ನಿಂತಿತು.

ಅಮ್ಮ ಇಂಜಿನ್ನನ್ನು ಇನ್ನೂ ಸ್ವಲ್ಪ ಹೊತ್ತು ಓಡಿಸಿದಳು. ಆ ಬಲದಲ್ಲೇ ಹೀಟರನ್ನೂ ಹೊತ್ತಿಸಿ, ಆಮೇಲೆ ಇಂಜಿನ್ ಆಫ್ ಮಾಡಿ ಮಗಳ ಪಕ್ಕ ಕೂತಳು.

“ಹೀಟರೊಳಗೊಂದು ಕಡ್ಡಿ ಇದೆ. ಡೀಸೆಲ್ ಹೊತ್ಕೋಬೇಕಾದ್ರೆ ಅದು ಕೆಂಪಗೆ ಕಾಯ್ಬೇಕು. ಬ್ಯಾಟರಿ ಹೋಗೋದೇ ಅದಕ್ಕೆ. ಒಂದ್ಸಲ ಹೊತ್ಕೊಂಡ್ರೆ ಫ್ಯಾನಿಗೆ ಎಷ್ಟು ಮಹಾ ಬೇಕು?”

“ಐದು ಸಲ ಹೊತ್ತಿಸಿಬಿಟ್ನಲ್ಲ...” ಮೀಟರಮ್ಮನ ಕಣ್ಣು ತುಂಬಿ ಬಂತು. “ಅಜ್ಜಿಗೇನಾದ್ರೂ ಆಗಿದ್ರೆ?”

“ಭಯ ಆದಾಗ ನನ್ನ ಎಬ್ಬಿಸಬಾರ್ದಿತ್ತಾ?” ಅಮ್ಮ ಅವಳ ತಣ್ಣಗಿನ ಕೈಗಳನ್ನು ತನ್ನ ಕೋಟಿನೊಳಗೆ ಎಳೆದುಕೊಂಡಳು.

“ಬೈತೀನಿ ಅಂದಿದ್ಯಲ್ಲ?” ಮಗಳು ಕೇಳಿದಳು.

“ನಿದ್ದೆ ಬರ್ತಿದೆ. ನಾಳೆ ಬೈತೀನಿ.”

ಅಮ್ಮ ಮಲಗಿದಳು. ಹೀಟರು ಸಣ್ಣಗೆ ಸದ್ದು ಮಾಡುತ್ತಾ ಉರಿಯುತ್ತಿತ್ತು. ಮೀಟರಿನ ಹಸಿರು ನಂಬರು ಕತ್ತಲಲ್ಲಿ ಕಣ್ಣಿಗೇ ಹೊಡೆಯುತ್ತಿತ್ತು. ಮೀಟರಮ್ಮ ತನ್ನ ಉಣ್ಣೆಯ ಟೋಪಿ ತೆಗೆದು ಅದರ ಮೇಲೆ ನೇತುಹಾಕಿದಳು. ದಿಂಬು ಎತ್ತಿಕೊಂಡು ಅಜ್ಜಿಯ ಹಾಸಿಗೆಗೆ ಹೋಗಿ, ಅವಳ ಬೆನ್ನಿಗೆ ಕಿವಿಯಾನಿಸಿ ಮಲಗಿದಳು.

“ಏನೇ ಮೀಟರಮ್ಮ, ಈಗ ಎಷ್ಟಿದೆ?” ಅಜ್ಜಿ ನಿದ್ದೆಗಣ್ಣಿನಲ್ಲಿ ಕೇಳಿದಳು.

“ಗೊತ್ತಿಲ್ಲ ಅಜ್ಜಿ. ನೋಡಿಲ್ಲ. ನೀನು ಉಸಿರಾಡು, ನಾನು ಕೇಳಿಸ್ಕೊಳ್ತಿದೀನಿ.”