ಕಳುವಾದ ಜಾವಾ ಪುಸ್ತಕಗಳು

ಉಮಾಶ್ರೀಯ ಕಪಾಟಿನಿಂದ ಎರಡು ಪುಸ್ತಕಗಳು ಮಾಯವಾಗಿದ್ದವು. ಜಾವಾ ಎಂಬ ಕಂಪ್ಯೂಟರ್ ಭಾಷೆಯ ಸರ್ಟಿಫಿಕೇಟ್ ಪರೀಕ್ಷೆಗೆ ಉಳಿದದ್ದು ಒಂದೇ ವಾರ. ಸಾಲು ಸಾಲಿಗೂ ಗೆರೆ ಎಳೆದು, ಅಂಚಿನಲ್ಲಿ ಉತ್ತರ ಬರೆದಿಟ್ಟ ಪುಸ್ತಕಗಳವು. ಅವಿಲ್ಲದೆ ಹುಡುಗಿ ಪಾಸಾಗುವ ಮಾತೆಲ್ಲಿ?

ಅಣ್ಣ ಸುನೀಲ ಹೋದ ವರ್ಷ ಕಿತ್ತೂರಿನ ಹೆದ್ದಾರಿಯಲ್ಲಿ ಬೈಕಿಗೆ ಲಾರಿ ಬಡಿದು ತೀರಿಕೊಂಡಿದ್ದ. ಮನೆಯಲ್ಲಿ ತಾಯಿ ಶಟ್ಟೆವ್ವ, ಮಗಳು ಇಬ್ಬರೇ. ಇಂಥ ಮನೆಗೂ ಕನ್ನ ಹಾಕುವುದೇ? ಪಕ್ಕದ ಮನೆಯವನಾದ ನನಗೆ ಸಿಟ್ಟು ನೆತ್ತಿಗೇರಿತು. ಈಚೆಗಷ್ಟೇ ನಿವೃತ್ತನಾದ ಪೊಲೀಸ್ ಹವಾಲ್ದಾರ, ನನ್ನ ಗೆಳೆಯ ಬಸಯ್ಯನನ್ನು ಎಳೆದುಕೊಂಡೇ ಹೋದೆ.

ನನ್ನ ಗುಮಾನಿ ಭೀಮಶಿಯ ಮೇಲೆ. ಅವನೂ ಅದೇ ಪರೀಕ್ಷೆಗೆ ಕೂರುವವನು, ನಿನ್ನೆ ಬಂದು ಹೋಗಿದ್ದ. ಕೇಳಿದರೆ ಮುಖ ಊದಿಸಿಕೊಂಡು, ತನ್ನ ಹತ್ತಿರ ಬೇಕಾದಷ್ಟು ಪುಸ್ತಕಗಳಿವೆ ಎಂದ. ಬೆಳಿಗ್ಗೆ ಬಂದಿದ್ದ ರದ್ದಿಯ ಬೀರಪ್ಪ ಚೀಲವನ್ನೇ ಸುರುವಿ ತೋರಿಸಿದ. ಏನೂ ಇರಲಿಲ್ಲ.

ಬಸಯ್ಯ ಕಪಾಟಿನಲ್ಲಿ ಉಳಿದಿದ್ದ ದಪ್ಪ ಪುಸ್ತಕವನ್ನು ಎತ್ತಿಕೊಂಡ.

"ಇದ್ಯಾವುದವ್ವಾ?"

"ಅದೂ ಜಾವಾದ್ದರಿ ಕಾಕಾ," ಎಂದಳು ಉಮಾಶ್ರೀ. "ಹೊಸಾದು."

"ಹೋದವು ಹೆಂಗಿದ್ದವು?"

"ಖಾಕಿ ಹಾಳಿ ಹಾಕಿ, ಮ್ಯಾಲ ಕನ್ನಡದಾಗ ಜಾವಾ ಅಂತ ಬರದಿದ್ನಿರಿ."

ಬಸಯ್ಯ ಕೈಯಲ್ಲಿದ್ದ ಪುಸ್ತಕದ ರಟ್ಟು ನೋಡಿದ, ಹೆಸರು ಇಂಗ್ಲಿಷಿನಲ್ಲಷ್ಟೇ ಇತ್ತು.

"ಭೀಮಶಿ ಆಗಿದ್ರ ಈ ಹೊಸಾದನ್ನ ಬಿಡತಿದ್ದಿಲ್ಲ. ಬೀರಪ್ಪಗ ತೂಕ ಬೇಕು, ಅವನೂ ಬಿಡತಿದ್ದಿಲ್ಲ. ಒಯ್ದವರಿಗೆ ಇಂಗ್ಲಿಷ್ ಬರೂದಿಲ್ಲ, ಕನ್ನಡ ಬರತೈತಿ. ಜಾವಾ ಅಂತ ಓದಿ, ಅವನ್ನಷ್ಟ ಆರಿಸ್ಯಾರ." ಅಡುಗೆಮನೆಯ ಬಾಗಿಲ ಕಡೆ ತಿರುಗಿದ. "ಅಕ್ಕಾರ, ಸುನೀಲನ ಗಾಡಿ ಜಾವಾ ಕಂಪನಿದಲ್ಲೇನ್ರಿ? ಆ ಅಪಘಾತದ ಪಂಚನಾಮೆ ಬರದಂವ ನಾನ."

ಬಾಗಿಲಲ್ಲಿ ನಿಂತಿದ್ದ ಶಟ್ಟೆವ್ವ ಅಲ್ಲೇ ಕುಸಿದು ಕುಳಿತಳು. ಮಗಳ ಬಾಯಲ್ಲಿ ದಿನವೂ ಜಾವಾ ಪರೀಕ್ಷೆ, ಸರ್ಟಿಫಿಕೇಟ್ ಎಂಬ ಮಾತು. ಅದು ಆ ಗಾಡಿ ಓಡಿಸುವ ಲೈಸೆನ್ಸೆಂದೇ ತಾಯಿ ತಿಳಿದಿದ್ದಳು. ಪುಸ್ತಕಗಳನ್ನು ನೀರೊಲೆಗೆ ಹಾಕಿಬಿಟ್ಟಿದ್ದಳು.

"ಒಬ್ಬಂವ ಹೋಗ್ಯಾನ್ರಿ. ಇಕಿನ್ನೂ ಅದರ ಮ್ಯಾಲ ಕಳಸ್ಲೇನು?"

ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು. ಉಮಾಶ್ರೀ ತಾಯಿಯ ಮಗ್ಗುಲಲ್ಲಿ ಕೂತು, ಇದು ಕಂಪ್ಯೂಟರಿನ ಓದು, ಗಾಡಿಯದಲ್ಲ ಎಂದು ತಿಳಿಸಿ ಹೇಳಿದಳು. ಶಟ್ಟೆವ್ವ ಹಣೆ ಹಣೆ ಬಡಿದುಕೊಂಡಳು. ಬಳಿಕ ಪರೀಕ್ಷೆ ಎಲ್ಲಿ ಎಂದು ಕೇಳಿದಳು.

"ಹುಬ್ಬಳ್ಳ್ಯಾಗ, ಅವ್ವ."

ಹುಬ್ಬಳ್ಳಿಯ ದಾರಿ ಕಿತ್ತೂರಿನ ಮೇಲೆಯೇ ಹೋಗುತ್ತದೆ. ಮಗ ಸತ್ತ ಮೇಲೆ ಆಕೆ ಅದನ್ನು ತುಳಿದಿರಲಿಲ್ಲ. ಬಸಯ್ಯನ ಕೈಯಲ್ಲಿದ್ದ ದಪ್ಪ ಪುಸ್ತಕವನ್ನು ಇಸಿದುಕೊಂಡು ಮಗಳ ಮಡಿಲಲ್ಲಿಟ್ಟಳು.

"ಉಳದದ್ದನ್ನ ಓದು. ಬಸ್ಸಿನ್ಯಾಗ ನಾನೂ ಬರತೇನಿ," ಎಂದಳು. "ಆ ಜಾಗಾ ಬಂದಾಗ ನನ್ನ ಕೈ ಹಿಡಕೋ."