ರಾಗಿಯ ಜಾಡು ಹಿಡಿದು ಬಂದವನು

ತುಮಕೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಶಿವರುದ್ರಮ್ಮ ಪಂಚೆ ಉಟ್ಟ ಹಿರಿಯರನ್ನು ಒಬ್ಬೊಬ್ಬರಾಗಿ ತಡೆದು ಕೇಳುತ್ತಿದ್ದಳು. “ತಾವು ಪ್ರೊಫೆಸರ್ ಭೈರರಂಗಯ್ಯನವರಾ?”

ಅಲ್ಲವೆಂದು ಎಲ್ಲರೂ ತಲೆಯಾಡಿಸಿ ಹೋದರು. ಪ್ಲಾಟ್‌ಫಾರಂ ಖಾಲಿಯಾಗುತ್ತ ಬಂತು. ಕೊನೆಗೆ ಉಳಿದವನು ಒಬ್ಬನೇ. ತನ್ನ ಟ್ರಂಕಿನ ಮೇಲೆ ಕೂತು, ಗಲ್ಲಕ್ಕೆ ಕೈ ಕೊಟ್ಟು, ಅವಳ ಹುಡುಕಾಟವನ್ನೇ ನೋಡುತ್ತಿದ್ದ ಎತ್ತರದ ಕಪ್ಪು ಯುವಕ.

“ನೀವು ಹುಡುಕುತ್ತಿರುವುದು ನನ್ನನ್ನೇ ಇರಬೇಕು,” ಎಂದ ಇಂಗ್ಲಿಷಿನಲ್ಲಿ. “ನನ್ನ ಹೆಸರು ಬ್ಯಾರುಹಂಗ.”

ಶಿವರುದ್ರಮ್ಮನ ಮುಖ ಕೆಂಪಾಯಿತು. ದೆಹಲಿಯಿಂದ ಬಂದ ಟೆಲಿಗ್ರಾಮಿನಲ್ಲಿ ಹೆಸರಿನ ಅಕ್ಷರಗಳು ಏರುಪೇರಾಗಿದ್ದವು. ಪ್ರಿನ್ಸಿಪಾಲ್ ಸೀತಾರಾಮಯ್ಯನವರು ಅದನ್ನು ಭೈರರಂಗ ಎಂದು ಓದಿ, ದೆಹಲಿಯಲ್ಲಿ ನೆಲೆಸಿದ ನಮ್ಮ ಕಡೆಯ ಹಿರಿಯರೇ ಯಾರೋ ಎಂದುಕೊಂಡಿದ್ದರು.

“ಇಷ್ಟು ಹೊತ್ತು ಸುಮ್ಮನೆ ಕೂತು ನೋಡ್ತಿದ್ರಾ?”

“ನೀವು ಅಷ್ಟು ಗಂಭೀರವಾಗಿ ಹುಡುಕುತ್ತಿದ್ದಿರಿ. ಮಧ್ಯೆ ತಡೆಯೋಕೆ ಮನಸ್ಸು ಬರಲಿಲ್ಲ,” ಎಂದು ಅವನು ನಕ್ಕ.

ಅದು ೧೯೬೪ರ ಜೂನ್. ಕಂಪಾಲದ ವಿಶ್ವವಿದ್ಯಾಲಯ, ದೆಹಲಿಯ ಆಫ್ರಿಕಾ ಅಧ್ಯಯನ ವಿಭಾಗ, ತುಮಕೂರಿನ ಕಾಲೇಜು, ಮೂರೂ ಸೇರಿ ರಾಗಿಯ ಹಿಂದೆ ಬಿದ್ದಿದ್ದವು. ಪೂರ್ವ ಆಫ್ರಿಕಾದ ಬೆಟ್ಟಗಳಿಂದ ಈ ಕಾಳು ನಮ್ಮ ಸೀಮೆಗೆ ಬಂತೆಂದು ಕೆಲವು ವಿದ್ವಾಂಸರು ಹೇಳುತ್ತಿದ್ದರು, ಕೆಲವರು ಒಪ್ಪುತ್ತಿರಲಿಲ್ಲ. ಸಸ್ಯಶಾಸ್ತ್ರದ ಕಡೆಯಿಂದ ನೋಡುವವಳು ಶಿವರುದ್ರಮ್ಮ, ಕಾಲೇಜಿನ ಬಾಟನಿ ಲೆಕ್ಚರರ್. ಇತಿಹಾಸ, ಭಾಷೆಗಳ ಕಡೆಯಿಂದ ನೋಡುವವನು ಉಗಾಂಡದ ಬ್ಯಾರುಹಂಗ. ಮೊದಲ ವರ್ಷ ಅವನು ಇಲ್ಲಿಗೆ, ಎರಡನೇ ವರ್ಷ ಅವಳು ಅಲ್ಲಿಗೆ ಎಂದು ಒಪ್ಪಂದವಾಗಿತ್ತು.

ಮರಳೂರಿನಲ್ಲಿ ಕಾಲೇಜಿಗೆ ಸೇರಿದ ಒಂದು ತುಂಡು ಹೊಲದಲ್ಲಿ ಅವಳು ಅವನ ಊರಿನ ರಾಗಿ, ತನ್ನ ಊರಿನ ರಾಗಿ, ಎರಡನ್ನೂ ಅಕ್ಕಪಕ್ಕ ಬಿತ್ತಿದಳು. ಮೊಳಕೆ ಬಂದಾಗ ಇಬ್ಬರೂ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು.

“ಯಾವುದು ಯಾವುದು ಅಂತ ಗೊತ್ತಾಗ್ತಿಲ್ಲ,” ಎಂದ ಅವನು.

“ನನಗೆ ಗೊತ್ತಾಗುತ್ತೆ.”

“ಹೇಗೆ?”

“ನಿಮ್ಮದು ಬಹಳ ಮಾತಾಡುತ್ತೆ.”

ಅವನು ಕನ್ನಡ ಕಲಿತದ್ದು ಹತ್ತಿರದ ಹಳ್ಳಿ ಕೋರದ ಹೊಲಗಳಲ್ಲಿ, ಕಳೆ ಕೀಳುವ ಹೆಂಗಸರ ಬಾಯಿಂದ. ಹಾಗಾಗಿ ಒಂದು ದಿನ ಸೀತಾರಾಮಯ್ಯನವರು ಕಾಫಿ ಕೊಟ್ಟಾಗ, “ಬ್ಯಾಡ ಬುಡಿ ಸಾರ್, ಈಗ್ತಾನೆ ಕುಡ್ದಿವ್ನಿ,” ಎಂದುಬಿಟ್ಟ. ಇಡೀ ಸ್ಟಾಫ್ ರೂಮು ನಕ್ಕಿತು. ಅವನು ಮಾತ್ರ ಶಿವರುದ್ರಮ್ಮ ನಗುತ್ತಿದ್ದಾಳಾ ಎಂದು ಓರೆಗಣ್ಣಿನಲ್ಲಿ ನೋಡಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕಣ್ಣುಗಳನ್ನು ಮುಚ್ಚಿಕೊಳ್ಳಲು ಮರೆತಿದ್ದಳು.

ಅವನ ಊರು ಟೋರೊ ಸೀಮೆಯಲ್ಲಿ. ಅಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಹೆಸರಿನ ಜೊತೆಗೆ ಅಕ್ಕರೆಯ ಇನ್ನೊಂದು ಹೆಸರಿರುತ್ತದಂತೆ. ಎದುರಿಗೆ ಸಿಕ್ಕವರನ್ನು ಆ ಹೆಸರಿನಿಂದಲೇ ಮಾತಾಡಿಸಬೇಕಂತೆ.

“ನಿಮಗೆ ಅಂಥ ಹೆಸರಿಲ್ಲವಲ್ಲ. ಬೆಳಿಗ್ಗೆ ಸಿಕ್ಕರೆ ಹೇಗೆ ಮಾತಾಡಿಸಲಿ?”

“ಮೇಡಂ ಅನ್ನಿ.”

“ಅದರಲ್ಲಿ ಅಕ್ಕರೆ ಎಲ್ಲಿದೆ?” ಅವನು ಸ್ವಲ್ಪ ಯೋಚಿಸಿ, “ಅಕೀಕಿ,” ಎಂದ. ಮೆಲ್ಲಗೆ, ಹೇಳಬಹುದೋ ಬಾರದೋ ಎನ್ನುವಂತೆ.

ಮಾರನೆಯ ದಿನ ಅವನು ಹಾಗೆ ಕರೆದಾಗ ಅವಳು ತಿರುಗಿ ನೋಡಿದಳು.

ಕೊಯ್ಲಿನ ಕಾಲಕ್ಕೆ ಅವಳು ಅವನನ್ನು ಗುಬ್ಬಿ ಮಾರ್ಗವಾಗಿ ಚೇಳೂರಿಗೆ, ತನ್ನ ಮನೆಗೆ ಕರೆದೊಯ್ದಳು. ತಂದೆ ಪರಮಶಿವಯ್ಯ ತೆಂಗಿನ ತೋಟದವರು, ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಮನುಷ್ಯ. ತಾಯಿ ಬಸವಲಿಂಗಮ್ಮ ಅನುಮಾನದಿಂದಲೇ ಮುದ್ದೆ ಬಡಿಸಿದರು. ಅವನು ಒಂದು ತುತ್ತು ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಸಾರು ತುಂಬಿಕೊಂಡು ಬಾಯಿಗಿಟ್ಟುಕೊಂಡ.

“ಅಗೀಬೇಡ ಕಣಪ್ಪ, ನುಂಗು,” ಎಂದರು ಬಸವಲಿಂಗಮ್ಮ.

“ನಮ್ಮವ್ವನೂ ಇಂಗೇ ಬೈತಾಳೆ ಕಣಮ್ಮ,” ಎಂದ ಅವನು.

ಬಸವಲಿಂಗಮ್ಮ ಇನ್ನೊಂದು ಮುದ್ದೆ ಹಾಕಿದರು. ಪರಮಶಿವಯ್ಯ ಅವನ ಕುಲದ ವಿಚಾರ ಕೇಳಿದರು. ಒಂದೇ ಕುಲದೊಳಗೆ ಹೆಣ್ಣು ತರುವಂತಿಲ್ಲ ಎಂದು ಅವನು ಹೇಳಿದಾಗ, “ನಮ್ಮ ಬೆಡಗು ಇದ್ದಂಗೇ ಕಣಯ್ಯ!” ಎಂದು ತೊಡೆ ತಟ್ಟಿಕೊಂಡರು. ಎಳನೀರು ಕೊಚ್ಚಿಸಿ ಕುಡಿಸಿದರು. ವಾಪಸು ಬರುವ ಬಸ್ಸಿನಲ್ಲಿ ಶಿವರುದ್ರಮ್ಮ ಕಿಟಕಿಯ ಆಚೆ ನೋಡುತ್ತ, ಸುಮ್ಮಸುಮ್ಮನೆ ಸಂತೋಷಪಡುತ್ತ ಕೂತಿದ್ದಳು.

ಆ ಮಾತು ಬಂದದ್ದು ಕುಣಿಗಲ್ಲಿನಲ್ಲಿ. ಮುಂದಿನ ಫೆಬ್ರುವರಿ. ಸುತ್ತಲಿನ ಹಳ್ಳಿಗಳಲ್ಲಿ ತೆನೆಯ ಮಾದರಿ ಸಂಗ್ರಹಿಸಿ, ಸಂಜೆಯ ಬಸ್ಸಿಗೆ ಕಾಯುತ್ತ, ಇಬ್ಬರೂ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದರು. ನೀರಿನ ಮೇಲೆ ಬಿಸಿಲು ತೆಳ್ಳಗಾಗುತ್ತಿತ್ತು.

“ಈ ಕೆಲಸ ಒಂದು ದಿನ ಮುಗಿಯುತ್ತೆ,” ಎಂದ ಅವನು. “ಆಮೇಲೆ ಏನು ನೆಪ ಹೇಳಿ ನಿಮ್ಮ ಪಕ್ಕ ಬಸ್ಸಲ್ಲಿ ಕೂತ್ಕೊಳ್ಳಲಿ?”

“ನೆಪ ಬೇಕಾ?”

ಅವನು ನಿಂತುಬಿಟ್ಟ. ಅವಳು ಮುಂದೆ ನಾಲ್ಕು ಹೆಜ್ಜೆ ನಡೆದು, ಅವನು ಬರುತ್ತಿಲ್ಲವೆಂದು ತಿಳಿದು ತಿರುಗಿದಳು. ಅವನ ಕಣ್ಣು ತುಂಬಿತ್ತು.

“ಬಸ್ಸು ಬಂತು, ಬನ್ನಿ,” ಎಂದಳು. ಬಸ್ಸು ಬಂದಿರಲಿಲ್ಲ.

ತಂದೆಗೆ ಅವಳೇ ಹೇಳಿದಳು. ಪರಮಶಿವಯ್ಯ ಜಗಲಿಯ ಕಂಬಕ್ಕೆ ಒರಗಿ ಕೂತರು.

“ಆ ಹುಡ್ಗ ಕೆಟ್ಟೋನಲ್ಲ ರುದ್ರಿ. ನಂಗೂ ಗೊತ್ತು.”

“ಮತ್ತೆ?”

“ನಿನ್ನ ತಂಗಿ ಕರಿಬಸಮ್ಮಂಗೆ ಇನ್ನೂ ಮದ್ವೆ ಆಗ್ಬೇಕು. ನಾನು ಈ ಊರಲ್ಲಿ ತಲೆ ಎತ್ಕೊಂಡು ಓಡಾಡ್ಬೇಕು. ಜನ ಏನಂತಾರೆ ಅಂತ ನಿಂಗೆ ಗೊತ್ತಿಲ್ವಾ? ಅವನ ಬಣ್ಣ, ಅವನ ಜಾತಿ, ಅವನ ದೇಶ, ಯಾವ್ದನ್ನ ಅಂತ ಮುಚ್ಚಿಡ್ಲಿ?”

“ಯಾವ್ದನ್ನೂ ಮುಚ್ಚಿಡೋದು ಬ್ಯಾಡಪ್ಪ.”

“ಆಗಲ್ಲ ಕಣವ್ವ. ಇನ್ಮೇಲೆ ಅವನ್ನ ಈ ಮನೆಗೆ ಕರ್ಕೊಂಡು ಬರ್ಬೇಡ.”

ಅವಳು ಅಳುತ್ತ ಹೇಳಿದ್ದನ್ನೆಲ್ಲ ಬ್ಯಾರುಹಂಗ ಕೊನೆಯ ತನಕ ಕೇಳಿದ. ಅವನಿಗೆ ಕೋಪ ಬರಲಿಲ್ಲ. “ನಮ್ಮ ಅಣ್ಣನೂ ಮೊದಲು ಇದನ್ನೇ ಹೇಳ್ತಾನೆ,” ಎಂದ. “ಆಮೇಲೆ ನಿಮ್ಮನ್ನು ನೋಡ್ತಾನೆ.”

ಅವಳು ನಿರ್ಧಾರ ಮಾಡಿದ್ದಳು. ಮೊದಲ ವರ್ಷ ಮುಗಿದ ಮೇಲೆ ಹೇಗೂ ಕಂಪಾಲಕ್ಕೆ ಹೋಗಬೇಕು. ಹೋದವಳು ಅಲ್ಲೇ ಅವನ ಕೈ ಹಿಡಿಯುವುದು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಳು. ಅದು ಬರುವುದು ತಡವಾಯಿತು. ಅವನು ಕೆಲಸ ಮುಗಿಸಲು ಇನ್ನಷ್ಟು ಕಾಲ ಕೇಳಿಕೊಂಡು, ಅವಳ ಜೊತೆಗೇ ಹೊರಡಲು ಉಳಿದುಕೊಂಡ. ಆ ಮಳೆಗಾಲಕ್ಕೆ ಮರಳೂರಿನ ಹೊಲದಲ್ಲಿ ಎರಡೂ ರಾಗಿಗಳನ್ನು ಮತ್ತೆ ಬಿತ್ತಿದರು. ಯಾರ ತೆನೆ ಮೊದಲು ಹೊರಡುತ್ತದೆಂದು ಪಂಥ ಕಟ್ಟಿದರು.

ಆಗಸ್ಟಿನಲ್ಲಿ ಅವನಿಗೆ ಜ್ವರ ಬಂತು. ಊಟ ಸೇರದಾಯಿತು. ಒಂದು ಬೆಳಿಗ್ಗೆ ಅವನ ಕಣ್ಣಿನ ಬಿಳುಪು ಪೂರ್ತಿ ಹಳದಿಯಾಗಿದ್ದುದನ್ನು ನೋಡಿ ಶಿವರುದ್ರಮ್ಮ ಡಾಕ್ಟರಿಗೆ ಹೇಳಿಕಳಿಸಿದಳು. ಕಾಮಾಲೆ. ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ದಿನಕ್ಕೆರಡು ಸಲ ಬಂದು ನೋಡಿದರು, ಮಾಡಬಹುದಾದದ್ದನ್ನೆಲ್ಲ ಮಾಡಿದರು. ಜ್ವರ ಇಳಿಯಿತು. ಕಾಮಾಲೆ ಮಾತ್ರ ಏರುತ್ತಲೇ ಹೋಯಿತು.

ಅವಳು ಕಾಲೇಜಿಗೆ ರಜೆ ಹಾಕಿ ಅವನ ಮಂಚದ ಪಕ್ಕ ಕೂತಳು. ಮದುವೆಯಾಗದ ಹೆಣ್ಣು ಹೀಗೆ ಕೂರುವುದೇ ಎಂದು ಊರು ಆಡಿಕೊಂಡಿತು. ಕೇಳಿಸಿಕೊಳ್ಳಲು ಅವಳಿಗೆ ಪುರಸೊತ್ತಿರಲಿಲ್ಲ. ಬಸವಲಿಂಗಮ್ಮ ಚೇಳೂರಿನಿಂದ ಬಂದು, ಅವನ ಹಣೆ ಸವರಿ, ಸದ್ದಿಲ್ಲದೆ ಅತ್ತು ಹೋದರು. ಪರಮಶಿವಯ್ಯ ಬರಲಿಲ್ಲ.

“ಅಕೀಕಿ,” ಎಂದ ಅವನು ಒಂದು ಮಧ್ಯಾಹ್ನ. “ತೆನೆ ಬಂತಾ?”

“ಬಂತು.”

“ಯಾರದು ಮೊದಲು?”

“ನಿಮ್ಮದು.”

ಅವನು ಕಷ್ಟಪಟ್ಟು ನಕ್ಕ. “ಸುಳ್ಳು ಹೇಳುವಾಗ ನೀವು ಸೆರಗಿನ ತುದಿ ತಿರುಚ್ತೀರಿ.”

ಅವಳು ಸೆರಗು ಬಿಟ್ಟು ಅವನ ಕೈ ಹಿಡಿದುಕೊಂಡಳು. ಎದುರು ಮಂಚದವರು ನೋಡುತ್ತಿದ್ದರು. “ನನ್ನ ಬಿಟ್ಟು ಹೋಗಬೇಡಿ,” ಎಂದಳು. “ನಾನು ನಿಮ್ಮ ಹೆಂಡತಿ ಅಂತಲೇ ಅಂದ್ಕೊಂಡಿದೀನಿ.”

“ನಾನು ಸ್ಟೇಷನ್ನಿನಲ್ಲೇ ಅಂದ್ಕೊಂಡೆ,” ಎಂದ. “ಅದಕ್ಕೇ ಸುಮ್ಮನೆ ಕೂತು ನೋಡ್ತಿದ್ದೆ.”

ಆಮೇಲೆ ಅವನಿಗೆ ಎಚ್ಚರ ಬಂದು ಹೋಗುತ್ತಿತ್ತು. ಎಚ್ಚರವಿಲ್ಲದಾಗ ತನ್ನ ತಾಯಿಯ ಭಾಷೆಯಲ್ಲಿ ಮಾತಾಡುತ್ತಿದ್ದ. ಅವಳಿಗೆ ಒಂದು ಮಾತೂ ತಿಳಿಯುತ್ತಿರಲಿಲ್ಲ. ತಿಳಿದವಳಂತೆ ಹೂಂಗುಟ್ಟುತ್ತಿದ್ದಳು. ಸೆಪ್ಟೆಂಬರಿನ ಒಂದು ಬೆಳಿಗ್ಗೆ, ನರ್ಸು ಕಿಟಕಿ ತೆರೆದು ಬಿಸಿಲು ಒಳಗೆ ಬಿದ್ದ ಹೊತ್ತಿನಲ್ಲಿ, ಅವನ ಕೈ ಅವಳ ಕೈಯೊಳಗೆ ಸುಮ್ಮನಾಯಿತು.

ಸೀತಾರಾಮಯ್ಯನವರು ಕಂಪಾಲಕ್ಕೆ ತಂತಿ ಕೊಟ್ಟರು. ಅಷ್ಟು ದೂರಕ್ಕೆ ದೇಹ ಕಳಿಸುವುದು ಆಗದ ಮಾತು, ಅಲ್ಲೇ ಮಣ್ಣು ಮಾಡಿ ಎಂದು ಅವನ ಅಣ್ಣನಿಂದ ಉತ್ತರ ಬಂತು. ಅವನು ಕ್ರೈಸ್ತ. ತುಮಕೂರಿನ ಸ್ಮಶಾನದಲ್ಲಿ ಪಾದ್ರಿಗಳು ಜಾಗ ಕೊಟ್ಟರು. ಕಾಲೇಜಿನವರು ಬಂದರು, ಕೋರದ ನಾಲ್ಕಾರು ಹೆಂಗಸರೂ ಬಂದರು. ಶಿವರುದ್ರಮ್ಮ ಬಿಳಿ ಸೀರೆಯುಟ್ಟು ಒಂದು ಬದಿಗೆ ನಿಂತಿದ್ದಳು. ಅತ್ತಿರಲಿಲ್ಲ.

ಪ್ರಾರ್ಥನೆ ಮುಗಿಸಿ ಪಾದ್ರಿಗಳು ತಲೆ ಎತ್ತಿದರು. “ಇವರ ಮನೆಯವರು ಯಾರಾದರೂ ಇದ್ದರೆ ಮೊದಲು ಮಣ್ಣು ಹಾಕಬಹುದು.”

ಯಾರೂ ಅಲುಗಲಿಲ್ಲ. ಅಷ್ಟರಲ್ಲಿ ಗೇಟಿನ ಕಡೆಯಿಂದ ಒಬ್ಬರು ಜನರನ್ನು ಸರಿಸುತ್ತ ಬಂದರು. ಬಸ್ಸಿಳಿದು ನೇರವಾಗಿ ನಡೆದು ಬಂದಿದ್ದ ಪರಮಶಿವಯ್ಯ. ಏದುಸಿರು ಬಿಡುತ್ತಿದ್ದರು. ಹೆಗಲ ಮೇಲಿನ ವಲ್ಲಿ ತೆಗೆದು ಸೊಂಟಕ್ಕೆ ಸುತ್ತಿಕೊಂಡರು.

“ನಾವಿದೀವಿ,” ಎಂದರು. “ನಮ್ಮ ಅಳಿಯ.”

ಬಗ್ಗಿ ಮಣ್ಣು ಹಾಕಿದರು. ಮಗಳ ಕೈಗೂ ಮಣ್ಣು ಕೊಟ್ಟರು. ಆಗ ಶಿವರುದ್ರಮ್ಮ ಅಲ್ಲೇ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು.

ಜನರೆಲ್ಲ ಹೋದ ಮೇಲೆ ತಂದೆ, ಮಗಳು ಬೇಲಿಯ ಪಕ್ಕ ನಿಂತರು.

“ಈ ಮಾತನ್ನ ಅವರು ಬದುಕಿದ್ದಾಗ ಹೇಳ್ಬೇಕಿತ್ತಪ್ಪ.”

“ಹೂಂ ಕಣವ್ವ.”

“ಒಂದ್ಸಲ ಆಸ್ಪತ್ರೆಗೆ ಬಂದಿದ್ರೂ ಸಾಕಿತ್ತು.”

“ಹೂಂ.” ಪರಮಶಿವಯ್ಯ ಬೇಲಿಯ ಗೂಟ ಹಿಡಿದುಕೊಂಡರು. “ಗುಬ್ಬಿ ತನಕ ಬಂದಿದ್ದೆ ಕಣೇ. ಬಸ್ ಸ್ಟ್ಯಾಂಡಲ್ಲಿ ಯಾರೋ ನಮ್ಮೂರೋರು ಕಂಡ್ರು. ವಾಪಸ್ ಹೋದೆ.”

ಅವಳು ತಂದೆಯ ಮುಖ ನೋಡಿದಳು. ಬೈಯಬೇಕೆನ್ನಿಸಿತು. ಆಗಲಿಲ್ಲ.

“ಆ ತಾಯಿಗೆ ಯಾರಾದ್ರೂ ಹೋಗಿ ಹೇಳ್ಬೇಕಲ್ಲ,” ಎಂದರು ಅವರು ಕೊನೆಗೆ. “ಕೊನೆಗಾಲದಲ್ಲಿ ಮಗ ಹೆಂಗಿದ್ದ, ಏನ್ ಮಾತಾಡ್ದ ಅಂತ. ತಂತಿಯೊಳಗೆ ಅದೆಲ್ಲ ಬರಲ್ಲ.”

“ನಾನು ಹೋಗ್ತೀನಿ.”

“ಕಾಲೇಜ್ ಕಡೆಯಿಂದ ಅಂತ ಹೋಗ್ಬೇಡ ರುದ್ರಿ.” ಪರಮಶಿವಯ್ಯ ವಲ್ಲಿಯಿಂದ ಕಣ್ಣೊರೆಸಿಕೊಂಡರು. “ಸೊಸೆ ಅಂತಲೇ ಹೋಗು. ಹಡಗು ಹತ್ತೋ ಊರಿನ ತನಕ ನಾನೇ ಬಂದು ಕಳಿಸ್ಕೊಡ್ತೀನಿ.”