ಮಾಗಲಿ ಎಂದು ಕಾದ ಮೇಷ್ಟ್ರು

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈಗಲೇ ಫೋನ್ ಕೆಳಗಿಡಿ. ಹೋದ ಸಲದ ಕಥೆಯಲ್ಲಿ ಊರಿನ ಹೆಸರು ತಪ್ಪು ಹೇಳಿದೆ ಎಂದು ಯಾರೋ ಬರೆದಿದ್ದರು. ತಪ್ಪಿಲ್ಲ, ನಿಮ್ಮ ಕಿವಿ ಸೀರಿಯಲ್ ಕಡೆಗಿತ್ತು. ಈಗ ಕೇಳಿ. ಇದು ಹೊನ್ನವಳ್ಳಿ ಪಕ್ಕದ ಒಂದು ಸರ್ಕಾರಿ ಶಾಲೆಯ ಸಂಗತಿ.

ಭಾನುಪ್ರಿಯಾ ಅಲ್ಲಿ ಒಂದನೇ ಕ್ಲಾಸಿನ ಟೀಚರ್. ಆವತ್ತು ಲಿಖಿತಾ ಎಂಬ ಪುಟ್ಟ ಹುಡುಗಿಯ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದಳು. ಬಾಗಿಲಲ್ಲಿ ಒಬ್ಬ ಬಂದು ನಿಂತ.

"ಅವಳ ಕೈ ಬಿಡಿ ಮೇಡಂ. ಅವಳಿಗೆ ಇನ್ನೂ ಟೈಮ್ ಬಂದಿಲ್ಲ."

"ಅದನ್ನ ಹೇಳೋಕೆ ನೀವ್ಯಾರು?"

ವರ್ಗವಾಗಿ ಬಂದ ಹೊಸ ಮೇಷ್ಟ್ರು, ಜ್ಞಾನೇಶ್. ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಮಗ. ಎಂಥ ಅಹಂಕಾರ ಎಂದುಕೊಂಡಳು ಭಾನುಪ್ರಿಯಾ. ಆದರೆ ಆ ಕಣ್ಣಲ್ಲಿ ಅಹಂಕಾರವಿರಲಿಲ್ಲ... ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಅಂದಿನಿಂದ ಬಿಸಿಯೂಟದ ಹೊತ್ತಿಗೆ ದಿನಾ ವಾದ. ಮಗು ಹಂತ ಹಂತವಾಗಿ ಬೆಳೆಯುತ್ತದೆ, ಕಲ್ಲು ಕಡ್ಡಿ ಮುಟ್ಟಿ ತಾನೇ ಕಂಡುಕೊಳ್ಳುತ್ತದೆ, ಹಂತ ಬರುವ ತನಕ ನಾವು ಕಾಯಬೇಕು ಎಂಬುದು ಅವನ ಸಿದ್ಧಾಂತ. ಇವತ್ತು ಒಂಟಿಯಾಗಿ ಆಗದ್ದು ಜೊತೆಗೊಬ್ಬರಿದ್ದರೆ ಆಗುತ್ತದೆ, ನಾಳೆ ಆ ಜೊತೆಯೂ ಬೇಕಾಗುವುದಿಲ್ಲ ಎಂಬುದು ಇವಳದು. ಬಹುಮಾನ ಕೊಟ್ಟರೆ ಮಕ್ಕಳು ಕಲಿಯುತ್ತವೆ ಎಂದು ಪೆಪ್ಪರ್‌ಮೆಂಟ್ ಹಂಚುತ್ತಿದ್ದ ಹೆಡ್‌ಮೇಷ್ಟ್ರು ರೇವಣಸಿದ್ದಯ್ಯನವರನ್ನು ಮಾತ್ರ ಇಬ್ಬರೂ ಸೇರಿ ಆಡಿಕೊಂಡರು. ಸ್ನೇಹ ಶುರುವಾದದ್ದು ಅಲ್ಲಿಂದಲೇ.

ಒಂದು ದಿನ ಲಿಖಿತಾ ತಾನಾಗಿಯೇ ಬರೆದಳು. ಯಾರ ಸಿದ್ಧಾಂತ ಗೆದ್ದಿತು ಎಂದು ಇಬ್ಬರೂ ಜಗಳ ತೆಗೆಯಲಿಲ್ಲ. ಆ ಹೊತ್ತಿಗಾಗಲೇ ಅವನ ಬೈಕಿನ ಸದ್ದಿಗೆ ಭಾನುಪ್ರಿಯಾಳ ಕಿವಿ ಕಾಯುತ್ತಿತ್ತು.

ಆಗ ಅವಳಿಗೆ ಕಂದಿಕೆರೆಯಿಂದ ಸಂಬಂಧ ಬಂತು. ಶನಿವಾರದೊಳಗೆ ಉತ್ತರ ಹೇಳಬೇಕು. ಅವನೇ ಬೇಡ ಎನ್ನಲಿ ಎಂದು ಜ್ಞಾನೇಶನಿಗೆ ವಿಷಯ ತಿಳಿಸಿದಳು.

"ನಿಧಾನಕ್ಕೆ ಯೋಚ್ನೆ ಮಾಡಿ ಮೇಡಂ," ಎಂದ.

ಅಷ್ಟೇನಾ? ನಾನು ಇವರಿಗೆ ಏನೂ ಅಲ್ವಾ?

ಅವನ ಜೊತೆ ಮಾತು ಬಿಟ್ಟಳು. ಶನಿವಾರ ಬೆಳಗಿನ ಶಾಲೆ ಮುಗಿಯುತ್ತಲೇ ಅಮ್ಮ ಸುನಂದಾ ಫೋನ್ ಮಾಡಿ, ಕಂದಿಕೆರೆಯವರಿಗೆ ಹೂಂ ಅಂದುಬಿಡಲಾ ಎಂದು ಕೇಳಿದರು. ಸ್ವಲ್ಪ ತಡಿ ಎಂದವಳು ನೇರ ಅವನ ಕ್ಲಾಸಿಗೆ ಹೋದಳು. ಅವನು ಬೋರ್ಡು ಒರೆಸುತ್ತಿದ್ದ.

"ನಿಮ್ ಮನಸ್ಸಲ್ಲಿ ಏನಾದ್ರೂ ಇದ್ಯಾ, ಇಲ್ವಾ?"

"ಬಂದ ದಿನದಿಂದ ಐತೆ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನಿಮ್ ಮನಸ್ಸು ಮಾಗ್ಲಿ ಅಂತ ಕಾದೆ. ನಮ್ದು ಕೊಬ್ಬರಿ ಮನೆ ಕಣ್ರೀ. ಅಟ್ಟಕ್ಕೆ ಹಾಕಿದ ಕಾಯಿನ ವರ್ಷ ಆಗೋವರ್ಗೂ ಯಾರೂ ಮುಟ್ಟಲ್ಲ. ಮುಂಚೆ ಒಡೆದ್ರೆ ಒಳಗೆ ಹಸಿ ಇರ್ತದೆ, ಕೆಟ್ಟೋಯ್ತದೆ. ಅದೇ ಬುದ್ಧಿ ನಂಗೂ ಬಂದೈತೆ."

"ನಾನು ಕಾಯಿ ಅಲ್ಲ ಕಣ್ರೀ. ಅಟ್ಟದ ಕಾಯಿಗೆ ಕಂದಿಕೆರೆಯಿಂದ ಗಂಡು ಬರಲ್ಲ."

ಅವನಿಗೆ ನಗು ಬಂತು, ಅವಳಿಗೆ ಅಳು. ಅವನು ಡಸ್ಟರ್ ಕೆಳಗಿಟ್ಟ.

"ಕೇಳೋಕೆ ಹೆದ್ರಿಕೆ ಆಯ್ತದೆ..."

"ಹೆದ್ರಿಕೊಂಡೇ ಕೇಳಿ."

"ನನ್ನ ಮದ್ವೆ ಆಯ್ತೀರಾ?"

ಅವಳು ಕಣ್ಣೊರೆಸಿಕೊಂಡು ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮ, ಕಂದಿಕೆರೆಯೋರಿಗೆ ಬ್ಯಾಡ ಅನ್ನು. ಕಾಫಿಗೆ ಇಡು, ಒಬ್ರನ್ನ ಕರ್ಕೊಂಡು ಬತ್ತೀನಿ."

"ಇವತ್ತೇನಾ?" ಎಂದ ಜ್ಞಾನೇಶ್.

"ಇನ್ನೊಂದು ವರ್ಷ ಕಾಯ್ತೀರಾ?"

"ಇಲ್ಲ. ನಡಿ ಭಾನು."

"ಇನ್ನೊಂದ್ ಸಲ ಅನ್ನಿ."

"ನಿಮ್ ಮನೆ ಬರೋವರ್ಗೂ ಅಂತೀನಿ, ಬೈಕ್ ಹತ್ತು."

ಇಷ್ಟೇ ಕಥೆ. ಬಾಯಿ ಬಿಡದೆ ಕೂತಿರುವವರು ನಿಮ್ಮ ಗುಂಪಿನಲ್ಲೂ ಇದ್ದಾರೆ, ನನಗೆ ಗೊತ್ತು. ಅವರಿಗೆ ಇದನ್ನು ಇವತ್ತೇ ಕಳಿಸಿ.